ಸ್ನಾನಕ್ಕೆ ಮುಂಚಿನ ಅಜ್ಜ

ಮಗು ಹುಟ್ಟಿ ಸರಿಯಾಗಿ ಕಣ್ಣು ಬಿಡುವ ಮೊದಲೇ ಅದರ ಮೂಗು ಸೋದರತ್ತೆಯದು, ಕಿವಿ ತಾತನದು ಎಂದು ಹಂಚಿ ಮುಗಿಸುವ ಜನ ನಮ್ಮವರು. ಆ ಹಂಚಿಕೆಯಲ್ಲಿ ನನ್ನ ಪಾಲಿಗೆ ಯಾರೂ ಬರಲಿಲ್ಲ. "ಇವನು ಯಾರ ಥರಾನೂ ಇಲ್ಲ" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದರು. ಚಿಕ್ಕವನಿದ್ದಾಗ ಹಿರಿಯರ ಫೋಟೋಗಳ ಕೆಳಗೆ ಕನ್ನಡಿ ಹಿಡಿದು ನಿಂತು, ಒಂದು ಹುಬ್ಬಾದರೂ ಹೊಂದುತ್ತದೆಯೇ ಎಂದು ಹುಡುಕಿದ್ದೇನೆ. ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ಕಡತ ನೋಡುತ್ತಾ ನಲವತ್ತೈದು ದಾಟಿದ ಮೇಲೂ ಆ ಚಪಲ ಹೋಗಿರಲಿಲ್ಲ.

ಸರಿಯಾಗಿ ನೋಡದೆ ಉಳಿದಿದ್ದ ಮುಖ ಒಂದೇ, ಅಮ್ಮನ ಅಪ್ಪನದು. ಅಮ್ಮ ಜನಕಪುರಿಯ ನಮ್ಮ ಮನೆಗೆ ಬಂದು ನೆಲೆಸಿದಾಗ ತಂದ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ, ಅಜ್ಜನ ಒಂದೇ ಒಂದು ಫೋಟೋ ಇತ್ತು. ಪೂಜೆ ಮುಗಿಸಿ ತೆಗೆಸಿಕೊಂಡದ್ದು. ಹಣೆಯಲ್ಲಿ ಉದ್ದನೆಯ ನಾಮ, ಕೆನ್ನೆಗಳ ಮೇಲೆ ಗೋಪೀಚಂದನದ ಮುದ್ರೆ, ಅದರ ಮೇಲೆಲ್ಲ ಬೂಷ್ಟಿನ ಬಿಳಿ ಚುಕ್ಕೆ. ಯಾವುದು ಮುದ್ರೆ, ಯಾವುದು ಬೂಷ್ಟು ಎಂದು ಹೇಳಲು ಅಜ್ಜನೇ ಎದ್ದು ಬರಬೇಕಿತ್ತು. ಪ್ರತಿ ಮಳೆಗಾಲಕ್ಕೂ ಬೂಷ್ಟು ಒಂದಿಷ್ಟು ಮುಂದುವರಿಯುತ್ತಿತ್ತು. "ಇದೂ ಹೋಯ್ತು ಅಂದ್ರೆ ನಮ್ಮಪ್ಪನ ಮುಖಾನೇ ಮರೆತುಬಿಡ್ತೀನಿ ಕಣೋ" ಎಂದು ಅಮ್ಮ ಒಂದು ದಿನ ಅಂದದ್ದನ್ನು ಕೇಳಿ ನನಗೆ ತಡೆಯಲಾಗಲಿಲ್ಲ.

ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೊಸದು ಮಾಡಿಕೊಡುವ ಸ್ಟುಡಿಯೋ ಒಂದು ಮಾರ್ಕೆಟಿನಲ್ಲಿ ಶುರುವಾಗಿತ್ತು. ಅಲ್ಲಿಗೆ ಹೋಗಿ, "ಭಯ್ಯಾ, ಚೆಹರೇ ಪರ್ ಏಕ್ ಭೀ ದಾಗ್ ನಹೀ ರಹನಾ ಚಾಹಿಯೇ" ಎಂದೆ. ಮುಖದ ಮೇಲೆ ಒಂದು ಕಲೆಯೂ ಉಳಿಯಕೂಡದು ಎಂಬ ಆ ತಾಕೀತನ್ನು ಆತ ಪಾಲಿಸಿದಷ್ಟು ನಿಷ್ಠೆಯಿಂದ ನನ್ನ ಆಫೀಸಿನಲ್ಲಿ ಯಾರೂ ನನ್ನ ಮಾತು ಪಾಲಿಸಿದ್ದಿಲ್ಲ. ಜನವರಿಯ ಒಂದು ಭಾನುವಾರ ಮಫ್ಲರ್ ಸುತ್ತಿಕೊಂಡು, ಗಡ್ಡ ಕೆರೆಯುತ್ತಾ ಹೋಗಿ ನೋಡಿದರೆ, ಬೂಷ್ಟಿನ ಜೊತೆಗೆ ನಾಮ, ಮುದ್ರೆ ಎಲ್ಲ ಮಾಯ! "ಬಹುತ್ ದಾಗ್ ಥೇ ಸಾಬ್, ಏಕ್ ಏಕ್ ನಿಕಾಲಾ" ಎಂದು, ಒಂದೊಂದೇ ಕಲೆ ಹುಡುಕಿ ತೆಗೆದ ಹೆಮ್ಮೆಯಲ್ಲಿ ಭಯ್ಯಾ ಬೀಗಿದ. ಜೀವಮಾನವಿಡೀ ಅಜ್ಜ ನೇಮದಿಂದ ಹಚ್ಚಿಕೊಂಡದ್ದನ್ನು ನಾನು ಒಂದೇ ವಾರದಲ್ಲಿ ತೊಳೆಸಿಬಿಟ್ಟಿದ್ದೆ.

ಮನೆಗೆ ಬಂದು ಲಕೋಟೆಯನ್ನು ಪೇಪರಿನ ಕೆಳಗೆ ಬಚ್ಚಿಡುವಷ್ಟರಲ್ಲಿ ಮಗಳು ಕಿತ್ತುಕೊಂಡು ಹೋಗಿ ಅಜ್ಜಿಯ ಕೈಗಿಟ್ಟಳು. ಅಮ್ಮ ಕನ್ನಡಕ ಹಾಕಿಕೊಂಡರು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ತಪ್ಪಾಯ್ತಮ್ಮ. ವಾಪಸ್ ಕೊಟ್ಟು ನಾಮ ಹಾಕಿಸ್ಕೊಂಡು ಬರ್ತೀನಿ."

"ಬೇಡ ಕಣೋ" ಎಂದರು ಅಮ್ಮ. "ಸ್ನಾನ ಆಯ್ತು ಅಂದ್ರೆ ನಮ್ಮಪ್ಪ ಮಡಿ. ಊಟ ಆಗೋವರೆಗೂ ನಾವು ಮಕ್ಕಳು ಮುಟ್ಟೋ ಹಾಗೇ ಇರಲಿಲ್ಲ. ಬೆಳಗ್ಗೆ ಎದ್ದಾಗ ಮಾತ್ರ ನನ್ನನ್ನ ತೊಡೆ ಮೇಲೆ ಕೂರಿಸಿಕೊಂಡು ಗಡ್ಡ ಚುಚ್ಚಿ ನಗಿಸ್ತಿದ್ರು. ಆ ಮುಖ ಇದು. ಇದನ್ನ ನೋಡಿ ಅರವತ್ತು ವರ್ಷ ಆಗಿತ್ತು" ಎಂದವರೇ ಫೋಟೋದ ಕೆನ್ನೆ ಸವರಿದರು.

ಮಗಳು ಮಾತ್ರ ಒಮ್ಮೆ ಫೋಟೋ, ಒಮ್ಮೆ ನನ್ನನ್ನು ನೋಡುತ್ತಿದ್ದವಳು ಕಿರುಚಿದಳು. "ಅಜ್ಜೀ, ಯೇ ತೋ ಪಪ್ಪಾ ಹೈ! ಪಪ್ಪಾನೇ!"

ಅಮ್ಮ ತಲೆಯೆತ್ತಿ ನನ್ನ ಕುರುಚಲು ಗಡ್ಡ, ಊದಿದ ಕಣ್ಣು, ಕೆದರಿದ ಕೂದಲನ್ನೆಲ್ಲ ನಿಧಾನವಾಗಿ ನೋಡಿದರು. "ಹೌದಲ್ಲೇ! ಸ್ನಾನ ಆಗದೇ ಇರೋ ನಮ್ಮಪ್ಪಾನೇ!"

ನಲವತ್ತೈದು ವರ್ಷ ಕಾದದ್ದಕ್ಕೆ ಕೊನೆಗೂ ಒಬ್ಬರು ಹಿರಿಯರು ಸಿಕ್ಕಿದರು, ಅದೂ ಬಚ್ಚಲಿಗೆ ಹೋಗುವವರೆಗೆ ಮಾತ್ರ. ಪ್ರತಿ ಭಾನುವಾರ ಹನ್ನೊಂದಾದರೂ ಸ್ನಾನವಿಲ್ಲವೆಂದು ನನ್ನನ್ನು ಬೈಯುವ ಅಮ್ಮ ಅಂದು, "ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಕೂತಿರೋ" ಎಂದರು. ನಾನು ಎದ್ದು ಹೋಗಿ ಗೀಸರ್ ಆರಿಸಿ ಬಂದು, ಅವರ ಪಕ್ಕದಲ್ಲಿ ಕೂತೆ.