ಗೌಡರ ಚಾಕುವಿನ ಕೊಂಬಿನ ಹಿಡಿ

ಸೋಲಾಪುರದಲ್ಲಿ ನನ್ನದು ಚಾಕು-ಕತ್ತರಿ ಅಂಗಡಿ. ಇಲ್ಲಿ ಕೂತವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಿರಾಕಿಗಳೇ ಬಂದು ನಗಿಸುತ್ತಾರೆ, ಮೇಲೆ ನಮ್ಮದೇ ಚಹಾ ಕುಡಿದು ಹೋಗುತ್ತಾರೆ. ಅದರಲ್ಲೂ ಇಬ್ಬರು ಬೀಗರಿದ್ದಾರೆ. ಒಬ್ಬರು ಇದೇ ಊರಿನ ಚಾದರ ವ್ಯಾಪಾರಿ ಸಾವಕಾರರು, ಇನ್ನೊಬ್ಬರು ವಾಗದರಿ ಕಡೆಯ ಗೌಡರು. ಸಾವಕಾರರ ಮಗಳು ಗೌಡರ ಸೊಸೆ. ಇಬ್ಬರಿಗೂ ಮಡಚುವ ಬೇಟೆ ಚಾಕುವಿನ ಹುಚ್ಚು.

೧. ಶಿಕಾರಿ ಸಾವಕಾರರು

ಸಾವಕಾರರು ತತ್ತಿಯನ್ನೂ ಮುಟ್ಟದವರು. ಆದರೂ ಪರದೇಶದಿಂದ ತರಿಸಿದ ಬೇಟೆ ಚಾಕು ಸದಾ ಜೇಬಿನಲ್ಲಿ. ಒಂದು ದಿನ ಅದನ್ನು ನನ್ನ ಮುಂದೆ ಬಿಚ್ಚಿಟ್ಟು ಶುರು ಮಾಡಿದರು.

"ಇದು ಹೊಸಾ ನಮೂನಿ ಉಕ್ಕು. ಪುಡಿ ಮಾಡಿ, ಒತ್ತಿ, ಮತ್ತ ಉಕ್ಕು ಮಾಡ್ಯಾರ. ಜಂಗ ಹಿಡಿಯಾಂಗಿಲ್ಲ. ಹಿಡಿ ಕಾರ್ಬನ್ ಫೈಬರಿಂದು. ಕಾಡಹಂದಿ ಚರ್ಮ ಬೆಣ್ಣಿ ಹಂಗ ಸೀಳತೈತಿ."

"ಇಲ್ಲೀತನಕ ಏನೇನು ಸೀಳೀರಿ?" ಎಂದೆ.

ಸಾವಕಾರರು ಆಚೀಚೆ ನೋಡಿ ದನಿ ತಗ್ಗಿಸಿದರು. "ಸವತೀಕಾಯಿ. ಅದನ್ನೂ ನಮ್ಮಾಕಿ ಸಿಪ್ಪಿ ತಗದು ಕೊಟ್ಟಿದ್ಳು."

೨. ಖಂಡೇಪೂಜೆ

ಗೌಡರ ಚಾಕು ಅಜ್ಜನ ಕಾಲದ್ದು, ಹಳೇ ಕಾರ್ಬನ್ ಉಕ್ಕಿನದು. ಲಿಂಬೆ ಕೊಯ್ದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ಜಂಗು ಹಿಡಿಯುತ್ತದೆ, ಆದರೆ ಕಲ್ಲಿಗೆ ಸುಮ್ಮನೆ ಎಳೆದರೂ ಸಾಕು, ಗಡ್ಡ ಬೋಳಿಸಬಹುದು. ವರ್ಷಾನುಗಟ್ಟಲೆ ಕೂತ ಆ ಕಪ್ಪೇ ಅದರ ವಯಸ್ಸಿನ ಗುರುತು. ಚಾಕು ಹುಚ್ಚರು ಬೆಲೆ ಕಟ್ಟುವುದೂ ಅದಕ್ಕೇ.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಅದನ್ನು ನೋಡಲೆಂದೇ ಸಾವಕಾರರು ವಾಗದರಿಗೆ ಹೊರಟರು, ನನ್ನನ್ನೂ ಎಳೆದೊಯ್ದರು. ದೇವರ ಮುಂದೆ ಕುಡಗೋಲು, ಕೊಡಲಿಗಳ ನಡುವೆ ಅಜ್ಜನ ಚಾಕು ಹೊಸ ತಾಟಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಗೌಡರ ಹೆಂಡತಿ ಬೆಳಿಗ್ಗೆಯೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದಿದ್ದರು.

"ಅಯ್ಯೋ, ಅಜ್ಜನ ಕಾಲದ ಕಪ್ಪು ಹೋತಲ್ಲ!" ಎಂದು ಇಬ್ಬರೂ ಬೀಗರು ತಲೆ ಮೇಲೆ ಕೈ ಹೊತ್ತರು.

"ಕಪ್ಪ ಬೇಕಂದ್ರ ಒಲಿ ಮ್ಯಾಲಿನ ಹಂಚು ಐತಿ, ಒಯ್ರಿ," ಅಂದರು ಆ ತಾಯಿ.

೩. ಅಜ್ಜನ ಮಾನ

ಉಕ್ಕಿನ ಕಪ್ಪು ಹೋದರೂ ಗೌಡರಿಗೆ ಜಿಂಕೆ ಕೊಂಬಿನದೆನ್ನುವ ಹಿಡಿ ಉಳಿದಿತ್ತು. "ಖರೇ ಚಿಗರಿ ಕೊಂಬು. ನಮ್ಮಜ್ಜ ತಾನ ಹೊಡದದ್ದು," ಎಂದು ಕಂಡ ಕಂಡ ಪಂಗತಿಯಲ್ಲೆಲ್ಲ ಹೇಳುತ್ತಿದ್ದರು. ಮನೆತನದ ಮಾನವೆಲ್ಲ ಆ ಹಿಡಿಯಲ್ಲೇ ಇತ್ತು. "ಪ್ಲಾಸ್ಟಿಕ್ ಇದ್ದೀತು ನೋಡ್ರಿ," ಎಂದು ಕೆಣಕುವುದು ಸಾವಕಾರರ ಕಾಯಂ ಕೆಲಸ.

ಈ ಚಳಿಗಾಲ ಗೌಡರ ಹೊಲದಲ್ಲಿ ಸೀತನಿ ತಿನ್ನಲು ಸೇರಿದ್ದೆವು. ಎಳೆ ಜೋಳದ ತೆನೆ ಕೆಂಡದಲ್ಲಿ ಸುಡುತ್ತಿತ್ತು. ನೆಂಟರೊಬ್ಬರ ಜೊತೆ ಬಂದ ಹೊಸಬರಿಗೆ ಗೌಡರು ಅಜ್ಜನ ಬೇಟೆಯ ಕಥೆ ಹೇಳಿ ಚಾಕು ಕೈಗೆ ಕೊಟ್ಟರು. ಹೊಸಬರು ಪೂರ್ತಿ ಕೇಳಿ, "ನಾ ಫಾರೆಸ್ಟ್ ಆಫೀಸರ್ ಇದ್ದೀನ್ರಿ. ಚಿಗರಿ ಕೊಂಬು ಮನ್ಯಾಗ ಇಟ್ಕೊಳ್ಳೂದು ಗುನ್ಹಾ. ಜೇಲ್ ಆಗತೈತಿ," ಅಂದರು.

ಗೌಡರ ಮೀಸೆ ಇಳಿಯಿತು. "ಏ, ಪ್ಲಾಸ್ಟಿಕ್ ರೀ ಸಾಹೇಬ್ರ! ಮಂದಿ ಮುಂದ ಸುಮ್ಮ ಹೇಳೂದು! ಬೇಕಾದ್ರ ನಮ್ಮ ಬೀಗರ್ನ ಕೇಳ್ರಿ!"

"ನಾ ಮದಿವ್ಯಾಗಿಂದ ಅದನ್ನ ಹೇಳಾಕತ್ತೀನಿ," ಎಂದರು ಸಾವಕಾರರು, ಸಂತೋಷ ತಡೆಯಲಾರದೆ.

ಸಾಹೇಬರು ನಂಬಲಿಲ್ಲ. ಅಲ್ಲೇ ಬಿದ್ದಿದ್ದ ತಂತಿಯೊಂದರ ತುದಿ ಕೆಂಡದಲ್ಲಿ ಕಾಯಿಸಿ ಹಿಡಿಗೆ ಮುಟ್ಟಿಸಿದರು. ಕೊಂಬಾದರೆ ಕೂದಲು ಸುಟ್ಟ ನಾತ ಬರಬೇಕು. ಗೌಡರು ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ಬಂದದ್ದು ಬಕೆಟ್ ಸುಟ್ಟ ನಾತ.

"ಪ್ಲಾಸ್ಟಿಕ್ಕ! ಬಚಾವ್ ಆದ್ರಿ ಗೌಡ್ರ," ಎಂದು ಸಾಹೇಬರು ನಕ್ಕು ಚಾಕು ವಾಪಸು ಕೊಟ್ಟರು.

ಗೌಡರು ತೆಗೆದುಕೊಳ್ಳಲಿಲ್ಲ. ಪಾಪ, ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿ ಸಾವಕಾರರು ಕಿಸಕ್ಕೆಂದರು. ಅಷ್ಟೇ, ಗೌಡರು ಸಾಹೇಬರ ಕೈ ಹಿಡಿದುಕೊಂಡರು.

"ಸಾಹೇಬ್ರ, ಆ ಮಗ್ಗಲಿಗೆ ಹಚ್ಚಿ ಇನ್ನೊಮ್ಮಿ ನೋಡ್ರಿ! ಜೇಲಿಗೆ ಬೇಕಾದ್ರ ನಾ ಹೋಗ್ತೀನಿ, ಬೀಗರ ಬಾಯಾಗಿಂದ ನಮ್ಮಜ್ಜನ್ನ ಬಿಡಿಸ್ರಿ!"