ಒಂದಿಂಚಿನ ಮಹಾದಾನ

ದರ್ಜಿಯವರಿಗೆ ಕನಸು ಕಾಣಲು ನಿದ್ದೆಯೇ ಬೇಕಾಗಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ಒಂದೇ ಲಯಕ್ಕೆ ಬಿದ್ದರೆ ಸಾಕು, ತಾವು ಹಗ್ಗಕ್ಕೆ ಹಾಕಿದ ತೆಳು ಪಂಚೆಯಂತೆ ಹಗುರಾಗಿ ಬೀದಿಯ ಮೇಲೆ ತೇಲುತ್ತಿರುವುದು ಕಾಣುತ್ತಿತ್ತು. (ಎಚ್ಚರವಾದಾಗ ತೊಂಬತ್ತೆರಡು ಕಿಲೋ ಅಲ್ಲೇ ಕೂತಿರುತ್ತಿತ್ತು.) ಡಾಕ್ಟರಿಗೆ ಇಂಥ ಕನಸೆಲ್ಲ ಗೊತ್ತಿಲ್ಲ. "ಸೊಂಟ ಮೂರಿಂಚು ಇಳೀಬೇಕು. ಇಲ್ಲಾಂದ್ರೆ ಜೀವನಪೂರ್ತಿ ಮಾತ್ರೆ" ಎಂದುಬಿಟ್ಟರು.

ದರ್ಜಿಯವರು ನಿಜಕ್ಕೂ ಹೆದರಿದರು. ಆದರೆ ಒಬ್ಬರೇ ನಡೆಯಲು ಹೊರಟರೆ ಕಾಲು ತಾನಾಗಿ ಬೇಕರಿಯ ಕಡೆ ತಿರುಗುತ್ತಿತ್ತು. ಅದಕ್ಕೇ ಪಕ್ಕದ ಮನೆಯ ಮೇಷ್ಟ್ರು, ಬೀದಿಗೇ ದಪ್ಪನೆಯವರಾದ ಕ್ಷೌರದಂಗಡಿಯವರು, ಇನ್ನೂ ನಾಲ್ಕು ಜನರನ್ನು ಸೇರಿಸಿ ಮುಂಜಾನೆಯ ನಡಿಗೆಗೆ ಒಂದು ಸಂಘ ಕಟ್ಟಿದರು. ಮಂಜಿನಲ್ಲಿ ಏಳು ಹೊಟ್ಟೆಗಳು ಸಾಲಾಗಿ ಸಾಗುವುದನ್ನು ನೋಡಿ ಅವರಿಗೆ ಕಣ್ಣು ತುಂಬಿ ಬಂತು.

ತಿಂಗಳಾಯಿತು. ಯಾರೂ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ನಾಳೆಯಿಂದ ನನ್ನ ಕರೀಬೇಡಿ, ನಾನು ಹೊದ್ಕೊಂಡು ಮಲಗ್ತೀನಿ" ಎಂದರು ಮೇಷ್ಟ್ರು. ಉಳಿದವರೂ ತಲೆಯಾಡಿಸಿದರು.

ಸಂಘ ಮುರಿದರೆ ತಮ್ಮ ಕಥೆ ಮುಗಿಯಿತು ಎಂದು ದರ್ಜಿಯವರ ಎದೆ ಧಸಕ್ಕೆಂದಿತು. "ಸಂಘದವರಿಗೆಲ್ಲ ಬಟ್ಟೆ ರಿಪೇರಿ ಪುಕ್ಕಟೆ! ಇನ್ನೊಂದೇ ವಾರ ನಡೀರಿ" ಎಂದರು. ಪ್ಯಾಂಟುಗಳು ರಾಶಿ ಬಿದ್ದವು. ಪ್ರತಿ ಪ್ಯಾಂಟಿನ ಹಿಂಭಾಗದಲ್ಲಿ ಒಳಗೆ ಮಡಿಸಿ ಉಳಿಸಿದ ಬಟ್ಟೆ ಇರುತ್ತದಲ್ಲ, ಅದನ್ನು ಗುಟ್ಟಾಗಿ ಒಂದೊಂದು ಇಂಚು ಬಿಚ್ಚಿ ಸೊಂಟ ಸಡಿಲಿಸಿಬಿಟ್ಟರು.

"ಅಯ್ಯೋ, ನನ್ನ ಪ್ಯಾಂಟು ಜಾರ್ತಿದೆ!" ಎಂದು ಕ್ಷೌರದಂಗಡಿಯವರು ಬೀದಿಯಲ್ಲೇ ಕುಣಿದರು. ಅಂದಿನಿಂದ ಎಲ್ಲರಿಗೂ ಹುರುಪೇ ಹುರುಪು. ಕಾಫಿಗೆ ಸಕ್ಕರೆ ನಿಂತಿತು, ಕರಿದ ತಿಂಡಿ ನಿಂತಿತು, ನಡೆಯಲು ಮನಸ್ಸಿಲ್ಲದವರನ್ನು ಉಳಿದವರು ಮನೆಗೇ ಹೋಗಿ ಎಳೆದು ತಂದರು.

ಒಬ್ಬರನ್ನು ಬಿಟ್ಟು. "ನೀವು ಮುಂದೆ ಹೋಗಿರಿ, ಅರ್ಜೆಂಟ್ ಕೆಲಸ ಇದೆ" ಎಂದು ದರ್ಜಿಯವರು ಪುಕ್ಕಟೆ ರಿಪೇರಿಗೆ ಕೂರುತ್ತಿದ್ದರು. ಯಂತ್ರ ಗುನುಗುತ್ತಿತ್ತು. ಅವರು ತೇಲುತ್ತಿದ್ದರು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಖಾಲಿಯಾಗುತ್ತಿತ್ತು.

"ರೀ, ಊರೋರನ್ನೆಲ್ಲ ನಡೆಸಿ ನೀವ್ಯಾಕೆ ಕೂತಿದ್ದೀರಿ?" ಎಂದರು ಹೆಂಡತಿ.

"ನಾನು ನಾಯಕ ಕಣೇ. ದಾರಿ ತೋರಿಸೋದು ನನ್ನ ಕೆಲಸ."

"ದಾರಿ ಹೊರಗಿದೆ!"

ಮೂರು ತಿಂಗಳಿಗೆ ಎಲ್ಲರೂ ಪ್ಯಾಂಟು ಬಿಗಿ ಮಾಡಿಸಲು ತಂದರು. ಅಳೆದರೆ, ದಾನದ ಇಂಚನ್ನೂ ದಾಟಿ ನಿಜವಾಗಿಯೇ ಮೂರು ನಾಲ್ಕಿಂಚು ಇಳಿದಿದ್ದರು! ದರ್ಜಿಯವರಿಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಮರುದಿನ ತಾವೂ ಹೊರಟೇಬಿಟ್ಟರು. ಸಂಘ ಬಾಗಿಲಲ್ಲಿ ಕಾಯುತ್ತಿತ್ತು. ಶೂ ಕಟ್ಟಲು ಬಗ್ಗಿದ್ದೇ ತಡ, ಪರ್ರ್ ಎಂದು ಪ್ಯಾಂಟು ಹಿಂದಿನಿಂದ ಬಾಯಿ ತೆರೆಯಿತು. ಒಳಗೆ ಓಡಿದರು. ಮೈಗೆ ಹಿಡಿಸುವ ಪ್ಯಾಂಟು ಇನ್ನೊಂದಿರಲಿಲ್ಲ. ಹೆಂಡತಿ ರಿಪೇರಿ ರಾಶಿಯಿಂದ ಒಂದನ್ನು ಎಳೆದುಕೊಟ್ಟರು. ಹಾಕಿಕೊಂಡರೆ ಅಳತೆ ತೆಗೆದು ಹೊಲಿದಂತೆ ಕೂತಿತು.

ಹೊರಗೆ ಬಂದ ಕೂಡಲೇ ಕ್ಷೌರದಂಗಡಿಯವರು ಕಣ್ಣರಳಿಸಿದರು. "ಇದು ನನ್ನ ಪ್ಯಾಂಟಲ್ವಾ?"

"ನಿಮ್ದೇ ಅಣ್ಣಾ," ಎಂದರು ಹೆಂಡತಿ, "ಇವರೇ ಗುಟ್ಟಾಗಿ ಒಂದಿಂಚು ಬಿಚ್ಚಿದ್ರು. ನಿಮ್ಮೆಲ್ಲರದ್ದೂ."

ಎಲ್ಲರೂ ತಮ್ಮ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ದರ್ಜಿಯವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕ್ಷೌರದಂಗಡಿಯವರು ಮೆಲ್ಲಗೆ ಬಂದು ಅವರ ಕೈ ಹಿಡಿದರು. "ಪ್ಯಾಂಟು ನೀವೇ ಇಟ್ಕೊಳ್ಳಿ. ಅದು ನಿಮ್ಮ ಸೊಂಟದಿಂದ ಜಾರೋವರೆಗೂ ನಾವು ನಿಮ್ಮನ್ನ ಬಿಡೋದಿಲ್ಲ. ಹೂಂ, ನಡೀರಿ!"