ಹೊಂಡದಲ್ಲಿ ಮಾಮಿ

ಕಡಲಿನಲ್ಲಿ ಮೀನು ಹಿಡಿಯುವ ಕುಲದಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುವ ಏಕೈಕ ಗಂಡಸು ನಾನು. ಅದಕ್ಕೇ ವಾಮಂಜೂರಿನ ಬಳಿ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾದೆ. "ಮೊಗವೀರರ ಮನೆಯಲ್ಲಿ ಸೊಪ್ಪಿನ ಸಾರು! ನಿಮಗೆ ನಾಚಿಕೆ ಉಂಟಾ?" ಎಂದು ಹೆಂಡತಿ ಕುಮುದಿನಿ ದಿನವೂ ಮೂದಲಿಸುತ್ತಿದ್ದಳು.

ಮನೆಯ ಹಿಂದೆ ಹಂಚಿಗಾಗಿ ಮಣ್ಣು ತೆಗೆದ ಹೊಂಡವಿತ್ತು; ವರ್ಷವಿಡೀ ನೀರು. ನನಗೊಂದು ಮಹಾಯೋಜನೆ ಹೊಳೆಯಿತು. ಹೊಂಡಕ್ಕೆ ಗದ್ದೆಯ ಪುಡಿಮೀನು ಬಿಡುವುದು, ಜೊತೆಗೆ ಹಾವಿನ ತಲೆಯ ಮಡೆಂಜಿ ಮೀನುಗಳನ್ನೂ ಬಿಡುವುದು. ಪುಡಿಮೀನು ಮರಿ ಮಾಡುತ್ತದೆ, ಮರಿಯನ್ನು ಮಡೆಂಜಿ ತಿನ್ನುತ್ತದೆ, ಮಡೆಂಜಿಯನ್ನು ನಾವು ತಿನ್ನುತ್ತೇವೆ. (ಬ್ರಹ್ಮನಿಗೂ ನನಗೂ ಆಗ ಇದ್ದ ವ್ಯತ್ಯಾಸ ಬರೇ ಮೂರು ತಲೆಗಳದ್ದು.)

ನೆರೆಮನೆಯ ಶುಕೂರ್ ಎರಡನ್ನೂ ತಂದು ಸುರಿದ. "ಪೂವಪ್ಪಣ್ಣ, ಮಡೆಂಜಿಯ ಹೊಟ್ಟೆಗೆ ತಳ ಇಲ್ಲ ಮಾರಾಯ್ರೆ. ಪುಡಿಮೀನು ಹಾಕ್ತಾ ಇರ್ಬೇಕು," ಎಂದ.

ಮಳೆ ಹಿಡಿಯುವಷ್ಟರಲ್ಲಿ ಪುಡಿಮೀನು ಮಾಯ. ಆಮೇಲೆ ಕಪ್ಪೆಗಳ ಸದ್ದೂ ನಿಂತಿತು. ಗಾಳಿ ಬೀಸಿದರೂ ಆ ನೀರು ಅಲುಗುತ್ತಿರಲಿಲ್ಲ. ಮುಸ್ಸಂಜೆಗೆ ಮಾತ್ರ ಹೊಂಡದ ನಡುವಿನಿಂದ ಒಂದು ಸದ್ದು: "ಗುಳುಕ್... ಹ್ಞೂಂ." ಹೋದ ವರ್ಷ ತೀರಿಕೊಂಡ ಅಮ್ಮ, ನಾನು ಮಾಡಿದ ಯಾವ ಕೆಲಸ ಕಂಡರೂ ವೀಳ್ಯದ ರಸ ನುಂಗಿ ಹೀಗೇ ಹೂಂಕರಿಸುತ್ತಿದ್ದಳು.

"ಮಾಮಿಯೇ," ಎಂದು ಕುಮುದಿನಿ ಪಿಸುಗುಟ್ಟಿದಳು. ಬದುಕಿದ್ದಾಗ ಅತ್ತೆಗೆ ಹೆದರದವಳು ಈಗ ಸೆರಗು ಹೊದ್ದು ನಿಂತಿದ್ದಳು.

"ಮಡೆಂಜಿ ಗಾಳಿ ಕುಡಿಯುವುದು ಮಾರಾಯ್ತಿ!"

"ಹಾಗಾದ್ರೆ ಹಿಡೀರಿ, ನೋಡುವ."

ಆದಿತ್ಯವಾರ ಗಾಳ ಹಾಕಿದೆ. ನೂಲು ಬಿಗಿಯಿತು. ಎಳೆದೆ; ಅದೂ ಎಳೆಯಿತು; ಮುಗ್ಗರಿಸಿ ನೀರಿಗೆ ಬಿದ್ದೆ. ಕೆಸರಿನಲ್ಲಿ ಹೂತು ಉಸಿರು ಕಟ್ಟಿದಾಗ ತಣ್ಣನೆಯದೇನೋ ಬೆನ್ನಿಗೆ ಒತ್ತಿ ನನ್ನನ್ನು ದಡಕ್ಕೆ ನೂಕಿತು. ಚಿಕ್ಕವನಿದ್ದಾಗ ಅಮ್ಮ ಶಾಲೆಗೆ ನೂಕುತ್ತಿದ್ದುದು ಹೀಗೆಯೇ.

ಮರುದಿನ ಶುಕೂರ್ ಏತ ಹಾಕಿ ನೀರೆಲ್ಲ ಎತ್ತಿಸಿದ. ತಳದಲ್ಲಿ ಕೆಸರು ಬಿಟ್ಟರೆ ಏನೂ ಇಲ್ಲ.

"ಓ, ಈಗ ಗೊತ್ತಾಯ್ತು! ಮೊದಲ ಮಳೆಗೇ ಹುಲ್ಲಲ್ಲಿ ತೆವಳಿ ನನ್ನ ಗದ್ದೆಗೆ ಬಂದದ್ದು ನಿಮ್ಮ ಮಡೆಂಜಿಗಳೇ," ಎಂದ ಶುಕೂರ್. "ನಾವು ತಿಂದೂ ಆಯ್ತು."

"ಹಾಗಾದ್ರೆ ನಿನ್ನೆ ನನ್ನನ್ನು ನೂಕಿದ್ದು ಎಂತ?"

ಶುಕೂರ್ ಮುಂಡಾಸು ಬಿಗಿದುಕೊಂಡು, ಹಿಂದೆ ನೋಡದೆ ಹೊರಟುಹೋದ.

ಮಳೆಗೆ ಹೊಂಡ ಮತ್ತೆ ತುಂಬಿತು. ಸದ್ದೂ ಬಂತು. ಈಗ ಪ್ರತಿ ಸಂಜೆ ಮಾರ್ಕೆಟಿನಿಂದ ಅಗ್ಗದ ಬೂತಾಯಿ ಮೀನು ತಂದು ಬಾಳೆಲೆಯಲ್ಲಿ ಹೊಂಡದ ದಂಡೆಗೆ ಇಡುತ್ತೇನೆ. ಬೆಳಿಗ್ಗೆ ಎಲೆ ಖಾಲಿ. ನಿನ್ನೆ ಕುಮುದಿನಿ ಗಂಭೀರವಾಗಿ ಹೇಳಿದಳು: "ಮಾಮಿಗೆ ಬೂತಾಯಿಯ ಮುಳ್ಳು ಚುಚ್ಚುತ್ತದಂತೆ. ನಾಳೆ ದುಬಾರಿಯಾದರೂ ಅಂಜಲ್ ಮೀನೇ ತರಬೇಕಂತೆ."

ಯಾರು ಹೇಳಿದ್ದು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹೊಂಡದ ಕಡೆ ತಿರುಗಿ, "ಇವರಿಗೆ ಹೇಳಿದ್ದೇನೆ ಮಾಮಿ," ಎಂದಳು.